ಐದು ಪೆಟ್ಟಿಗೆಗಳಲ್ಲಿ ಮೂರು

“ನಾನು ಕೊಂದಿಲ್ಲ ಅಮ್ಮಾ! ಬೇಕಾದ್ರೆ ಚಂದ್ರಗುತ್ತಿ ದೇವಿ ಮೆಟ್ಟಿಲ ಮೇಲೆ ನಿಂತು ಆಣೆ ಮಾಡ್ತೀನಿ.”

ಬೆನ್ನಿನ ಮೇಲಿದ್ದ ಔಷಧಿ ಹೊಡೆಯುವ ಯಂತ್ರವನ್ನೂ ಇಳಿಸದೆ ಮಾಳೇಶ ನಮ್ಮ ಸೊರಬದ ಮನೆಯ ಬಾಗಿಲಲ್ಲಿ ನಿಂತಿದ್ದ.

“ಆಣೆ ಆಮೇಲೆ. ಮೊದಲು ಮಿಷನ್ ಇಳಿಸು,” ಎಂದರು ನೀಲಾಂಬಿಕತ್ತೆ. “ಯಾರನ್ನ ಕೊಂದಿಲ್ಲ?”

“ಜೇನುಹುಳಾನ.”

ನನ್ನ ಸೋದರತ್ತೆ ನೀಲಾಂಬಿಕ ಮೂವತ್ತೊಂದು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಜನರ ರಕ್ತ, ಕಫ, ಮಲ ಪರೀಕ್ಷಿಸಿ ನಿವೃತ್ತರಾದವರು. ಊರಲ್ಲಿ ಸರ ಕಳೆದರೂ, ಸಹಿ ಇಲ್ಲದ ಕಾಗದ ಬಂದರೂ ಜನ ಪೊಲೀಸರಿಗಿಂತ ಮೊದಲು ಅವರ ಹತ್ತಿರ ಬರುತ್ತಿದ್ದರು. ಅವರ ಭೂತಗನ್ನಡಿ, ಕೊಡೆ ಹೊರುವವಳು ನಾನು, ಶರಣ್ಯ.

ಮಾಳೇಶ ಹೇಳಿದ್ದಿಷ್ಟು. ಬಟ್ಟೆ ಅಂಗಡಿಯ ಪರಮಶಿವಪ್ಪ ಹವ್ಯಾಸಕ್ಕೆಂದು ಮನೆಯ ಹಿಂದೆ ಐದು ಜೇನುಪೆಟ್ಟಿಗೆ ಸಾಕಿದ್ದರು. ಭೂಮಿ ಹುಣ್ಣಿಮೆ ಕಳೆದ ಮಾರನೆಯ ದಿನ, ಶನಿವಾರ, ಅವರ ಪಕ್ಕದ ಗದ್ದೆಗೆ ಮಾಳೇಶ ಕೂಲಿಗೆ ಔಷಧಿ ಹೊಡೆದಿದ್ದ. ಭಾನುವಾರದಿಂದ ನಾಲ್ಕು ದಿನ ಬಿಡದೆ ಮಳೆ. ಗುರುವಾರ ನೋಡಿದರೆ ಮೂರು ಪೆಟ್ಟಿಗೆಯ ಹುಳಗಳೆಲ್ಲ ಸತ್ತಿದ್ದವು. ಅಂದೇ ಪರಮಶಿವಪ್ಪ ರೈತರ ವಾಟ್ಸಾಪ್ ಗುಂಪಿನಲ್ಲಿ ಬರೆದುಬಿಟ್ಟರು: ‘ಮಾಳೇಶನ ವಿಷಕ್ಕೆ ನನ್ನ ಜೇನು ಸತ್ತಿವೆ. ಅವನನ್ನು ಯಾರೂ ಗದ್ದೆಗೆ ಇಳಿಸಬೇಡಿ.’

“ಬೆಳಗ್ಗೆಯಿಂದ ನಾಲ್ಕು ಜನ ಬೇಡ ಅಂದ್ರು. ಸಂಜೆ ಐದಕ್ಕೆ ಸ್ಟೇಷನ್ನಿಗೆ ಬರ್ಕೊಡ್ತಾರಂತೆ. ಕೇಸಾದ್ಮೇಲೆ ನನ್ನನ್ನ ಯಾರಮ್ಮ ಕರೀತಾರೆ?”

ನನ್ನ ಅಜ್ಜಿಯ ಕತೆಗಳಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಒಂದು ದುಂಬಿಯಲ್ಲಿ ಇರುತ್ತಿತ್ತು. ಈ ಬಡಪಾಯಿಯ ಅನ್ನ ಯಾರದೋ ಹಿತ್ತಲಿನ ಜೇನುಹುಳದಲ್ಲಿ ಸಿಕ್ಕಿಕೊಂಡಿತ್ತು. ಗಂಟೆ ಆಗಲೇ ಎರಡಾಗಿತ್ತು.

ಪರಮಶಿವಪ್ಪ ನಮ್ಮನ್ನು ಮುಖ ಗಂಟಿಕ್ಕಿಕೊಂಡೇ ಹಿತ್ತಲಿಗೆ ಕರೆದೊಯ್ದರು. ಅಡುಗೆಮನೆ ಬಾಗಿಲ ಪಕ್ಕ ಸಾಲಾಗಿ ಮೂರು ಪೆಟ್ಟಿಗೆ, ಮೂರೂ ನಿಶ್ಶಬ್ದ. ಒಂಬತ್ತು ಕಲ್ಲುಮೆಟ್ಟಿಲು ಇಳಿದರೆ, ಗದ್ದೆಯ ಅಂಚಿಗೇ ಇನ್ನೆರಡು. ಅವು ಗುಂಯ್ ಎನ್ನುತ್ತಿದ್ದವು.

“ಈ ಕಾಲದಲ್ಲಿ ಹೂವು ಕಮ್ಮಿ ನೋಡ್ರೀ. ವಾರಕ್ಕೆ ಎರಡು ಸಲ ಸಕ್ಕರೆ ಪಾಕ ಇಡ್ತೀನಿ, ಇರುವೆ ಹತ್ತದ ಹಾಗೆ ಪೆಟ್ಟಿಗೆ ಕಾಲಿಗೆ ನೀರಿನ ಬಟ್ಟಲು ಇಟ್ಟಿದೀನಿ. ಮಕ್ಕಳ ಹಾಗೆ ಸಾಕಿದ್ದೆ!” ಪರಮಶಿವಪ್ಪ ಸತ್ತ ಪೆಟ್ಟಿಗೆಯೊಂದರ ಮುಚ್ಚಳ ಸವರಿದರು.

ಅತ್ತೆ ಸತ್ತ ಹುಳವೊಂದನ್ನು ಅಂಗೈಯಲ್ಲಿಟ್ಟು ಭೂತಗನ್ನಡಿ ಹಿಡಿದರು. ಹೊಟ್ಟೆ ಊದಿತ್ತು, ನಾಲಿಗೆ ಒಳಗೇ ಇತ್ತು. ಸತ್ತ ಪೆಟ್ಟಿಗೆಗಳ ಮುಂಭಾಗದಲ್ಲಿ ಕಂದು ಕಲೆಗಳು. ಮುಚ್ಚಳ ತೆಗೆದರೆ ಪಾಕದ ಕರಟದಲ್ಲಿ ಕಪ್ಪುಗೆಂಪು ಅಂಟು. ಮೆಟ್ಟಿಲಿಳಿದು ಬದುಕಿದ್ದ ಪೆಟ್ಟಿಗೆಗಳನ್ನೂ ನೋಡಿದರು. ಆ ಕರಟಗಳಲ್ಲಿ ಬಿಳಿ ಸಕ್ಕರೆ ಹರಳು.

ಒಳಗೆ ಪರಮಶಿವಪ್ಪನವರ ತಾಯಿ ಹಾಲಮ್ಮ ಕೋಲೂರಿಕೊಂಡು ಬಂದು ದೋಸೆ ಕೊಟ್ಟರು. ಹೆಬ್ಬೆರಳಿಗೆ ಸುಣ್ಣ ಹಚ್ಚಿಕೊಂಡಿದ್ದರು.

“ದೋಸೆ ಮೇಲೆ ಸುರಿಯೋಕೆ ಜೋನಿಬೆಲ್ಲ ಇಲ್ಲ ಕಣವ್ವ, ಹೋದ ತಿಂಗಳು ತಂದ ಡಬ್ಬಿ ತಳ ಕಂಡಿತು. ಚಟ್ನೀಲೇ ತಿನ್ನು.”

ನಾನು ತಿಂದೆ. ಅತ್ತೆ ತಿನ್ನಲಿಲ್ಲ, ಗಡಿಯಾರ ನೋಡುತ್ತಿದ್ದರು.

ನಾಲ್ಕೂವರೆಗೆ ಎಲ್ಲರನ್ನೂ ಜಗಲಿಗೆ ಕರೆದರು. ಪರಮಶಿವಪ್ಪನವರ ಜೇಬಿನಲ್ಲಿ ದೂರಿನ ಕಾಗದ ಇಣುಕುತ್ತಿತ್ತು. ಮಾಳೇಶ ಅಂಗಳದಿಂದ ಮೇಲೆ ಹತ್ತಲಿಲ್ಲ.

“ಔಷಧಿ ಬಿದ್ದಿದ್ದು ಗದ್ದೆಗೆ,” ಅತ್ತೆ ಶುರುಮಾಡಿದರು. “ಐದೂ ಪೆಟ್ಟಿಗೆಯ ಹುಳ ಹಾರೋದು ಅದರ ಮೇಲೇ. ಗದ್ದೆಗೆ ತಾಗಿರೋ ಎರಡು ಬದುಕಿ, ದೂರದ ಮೂರು ಯಾಕೆ ಸತ್ತವು?”

“ಗಾಳಿ ಈ ಕಡೆ ಬೀಸಿರಬೇಕು,” ಎಂದರು ಪರಮಶಿವಪ್ಪ.

“ಗದ್ದೆ ಅಂಚಿನ ಎರಡನ್ನ ದಾಟ್ಕೊಂಡು? ಅದೂ ಅಲ್ದೆ, ಔಷಧಿ ತಾಗಿದ ಹುಳ ಸಾಮಾನ್ಯವಾಗಿ ನಾಲಿಗೆ ಹೊರಗೆ ಚಾಚಿ ಸಾಯುತ್ತೆ. ಇವುಗಳ ನಾಲಿಗೆ ಒಳಗಿದೆ, ಹೊಟ್ಟೆ ಊದಿದೆ. ಪೆಟ್ಟಿಗೆ ಮೇಲಿನ ಕಂದು ಕಲೆ ಏನು ಅಂತ ನನಗೆ ಯಾರೂ ಹೇಳಬೇಕಾಗಿಲ್ಲ. ಮೂವತ್ತೊಂದು ವರ್ಷ ಡಬ್ಬಿಗಟ್ಟಲೆ ಅದನ್ನೇ ನೋಡಿದೀನಿ. ಭೇದಿ! ಆರೋಗ್ಯವಾಗಿರೋ ಜೇನುಹುಳ ಗೂಡನ್ನ ಹೊಲಸು ಮಾಡಲ್ಲ, ಹೊರಗೆ ಹಾರಿ ಹೋಗುತ್ತೆ. ನಾಲ್ಕು ದಿನ ಮಳೆ, ಹಾರೋಕಾಗಲಿಲ್ಲ. ಅರಗದ್ದು ಹೊಟ್ಟೆಯಲ್ಲೇ ಉಳೀತು.”

“ಅರಗದ್ದು ಅಂದ್ರೆ?”

“ಬೆಲ್ಲ. ಬಿಳಿ ಸಕ್ಕರೆ ಅವಕ್ಕೆ ಅರಗುತ್ತೆ, ಬೆಲ್ಲದ ಕಲ್ಮಶ ಅರಗಲ್ಲ. ಸತ್ತ ಮೂರರ ಕರಟದಲ್ಲೂ ಜೋನಿಬೆಲ್ಲದ ಅಂಟಿದೆ. ಬದುಕಿದ ಎರಡರಲ್ಲಿ ಇಲ್ಲ. ಮುಚ್ಚಳ ತೆಗೆದ ಕೈಗೆ ಹುಳ ಕುಟುಕಿದೆ, ಸುಣ್ಣ ಹಚ್ಚಬೇಕಾಗಿ ಬಂದಿದೆ. ಕೆಳಗಿನೆರಡು ಯಾಕೆ ಉಳಿದವು ಅಂದ್ರೆ, ಮೆಟ್ಟಿಲು ಇಳಿಯೋಕೆ ಮಂಡಿ ಬಾರದವರು ಈ ಮನೇಲಿ...” ಅತ್ತೆ ಅಲ್ಲಿಗೇ ನಿಲ್ಲಿಸಿದರು.

“ನಾನೊಬ್ಬಳೇ ಇರೋದು. ಹೇಳಿ ಮುಗಿಸವ್ವ,” ಎಂದರು ಹಾಲಮ್ಮ.

ಆಮೇಲೆ ಮಗನ ಕಡೆ ತಿರುಗಿದರು.

“ಭೂಮಿ ಹುಣ್ಣಿಮೆ ದಿನ ಬಸುರಿ ಗದ್ದೆಗೆ ಬಯಕೆ ಊಟ ಇಟ್ಟು ಬಂದ್ರು. ರಾಣಿಹುಳದ ಹೊಟ್ಟೆ ತುಂಬ ಮೊಟ್ಟೆ ಅಂತ ನೀನೇ ಹೇಳಿದ್ಯಲ್ಲ ಮಗಾ? ಗದ್ದೆಗೆ ಅಷ್ಟು ಮಾಡಿ, ಹಿತ್ತಲಲ್ಲೇ ಇರೋ ಬಸುರಿಗೆ ಬರೀ ಸಕ್ಕರೆ ನೀರಾ ಅನ್ನಿಸ್ತು. ಅವತ್ತಿಂದ ದಿನಾ ಹಾಕ್ದೆ. ಮಳೇಲೂ ಕೊಡೆ ಹಿಡ್ಕೊಂಡು ಹೋಗಿ ಹಾಕ್ದೆ. ತಿಂತಿದ್ವು. ಬಯಕೆ ತೀರ್ತಿದೆ ಅಂದ್ಕೊಂಡೆ.”

ಪರಮಶಿವಪ್ಪ ತಾಯಿಯನ್ನು ನೋಡಿದರು, ಹಿತ್ತಲಿನತ್ತ ನೋಡಿದರು. ಆಮೇಲೆ ದೂರಿನ ಕಾಗದವನ್ನು ನಾಲ್ಕಾಗಿ ಹರಿದರು.

“ಏನೋ ತಪ್ಪು ತಿಳುವಳಿಕೆ ಆಗಿತ್ತು ಅಂತ ಗುಂಪಿಗೆ ಹಾಕ್ತೀನಿ ಬಿಡು.”

“ಸಾವ್ಕಾರ್ರೇ,” ಮಾಳೇಶ ಮೊದಲ ಬಾರಿ ತಲೆಯೆತ್ತಿದ. “ಕೊಂದೋನು ಅಂತ ಬರೆವಾಗ ನನ್ನ ಹೆಸರು ಹಾಕಿದ್ರಿ. ತಪ್ಪಿಗೆ ಮಾತ್ರ ಹೆಸರಿಲ್ವಾ?”

ಪರಮಶಿವಪ್ಪನವರ ಬೆರಳು ಫೋನಿನ ಮೇಲೆ ನಿಂತುಬಿಟ್ಟಿತು. ತಾಯಿಯ ಹೆಸರನ್ನು ಮುನ್ನೂರು ಜನರ ಮುಂದೆ ಇಡುವುದು ಹೇಗೆ? ಹಾಲಮ್ಮ ಕೋಲನ್ನು ಗೋಡೆಗೆ ಆನಿಸಿ ಕೈ ಚಾಚಿದರು.

“ಕೊಡು ಇಲ್ಲಿ. ಎಲ್ಲಿ ಮಾತಾಡಬೇಕು, ಒತ್ತು.”

ಫೋನನ್ನು ಬಾಯಿಗೆ ತೀರಾ ಹತ್ತಿರ ಹಿಡಿದು, ಗದ್ದೆಯಾಚೆಯವರನ್ನು ಕೂಗುವ ದನಿಯಲ್ಲಿ ಹೇಳಿದರು: “ನಾನು ಪರಮಶಿವನ ತಾಯಿ ಹಾಲಮ್ಮ. ಬೆಲ್ಲ ಹಾಕಿ ಹುಳ ಸಾಯಿಸಿದೋಳು ನಾನು. ಮಾಳೇಶ ಅಲ್ಲ. ಅವನ ಹೊಟ್ಟೆ ಮೇಲೆ ಹೊಡೆದಿದ್ದು ನನ್ನ ಮಗ. ಕೇಳಿಸ್ತಾ ಎಲ್ಲರಿಗೂ?”

ಪರಮಶಿವಪ್ಪ ಮೆಲ್ಲಗೆ ಅಂಗಳಕ್ಕಿಳಿದು ಮಾಳೇಶನ ಕೈ ಹಿಡಿದು ಜಗಲಿಗೆ ಹತ್ತಿಸಿದರು. ಹಾಲಮ್ಮ ಅವನಿಗೆ ದೋಸೆ ತರಲು ಒಳಗೆ ಹೋದರು.

ಎರಡನೆಯ ದೋಸೆ ಮುರಿಯುವ ಹೊತ್ತಿಗೆ ಮಾಳೇಶನ ಫೋನು ಹೊಡೆದುಕೊಂಡಿತು. ಹೆಸರು ನೋಡಿ ಪಕ್ಕಕ್ಕಿಟ್ಟ.

“ಯಾರೋ ಅದು? ಎತ್ತೋ ಮಾರಾಯ,” ಎಂದರು ಅತ್ತೆ.

“ಬೆಳಗ್ಗೆ ನನ್ನನ್ನ ಮೊದಲು ಬೇಡ ಅಂದೋರಮ್ಮ.” ಚಟ್ನಿಯಲ್ಲಿ ಅದ್ದಿದ ತುಂಡನ್ನು ಬಾಯಿಗಿಟ್ಟುಕೊಂಡ. “ಇನ್ನೆರಡು ಸಲ ಹೊಡ್ಕೊಳ್ಳಲಿ.”