ಗ್ಲೆಂಡಾ ಹಾಡಿದ ಟೇಪು

ಟೇಪು ತಿರುಗುತ್ತಿತ್ತು, ಹಾಡು ಮಾತ್ರ ಬರುತ್ತಿರಲಿಲ್ಲ. ಗ್ರಿಮ್ಸ್‌ಬಿ ಬಂದರಿನ ಹಿಂದಿನ ಬೀದಿಯಲ್ಲಿರುವ ‘ಬ್ಲೂ ಆಂಕರ್’ ಪಬ್ಬಿನ ಮಹಡಿಯ ಕೋಣೆಯಲ್ಲಿ ನಾವು ಆರು ಜನ ಆ ಹಳೆಯ ಯಂತ್ರದ ಸುತ್ತ ಕುಳಿತಿದ್ದೆವು. ಮೊದಲ ವಾದ್ಯದ ತುಣುಕು ಮುಗಿಯಿತು, ಟಕ್ ಎಂದು ಸದ್ದಾಯಿತು. ಆಮೇಲೆ ಬರೀ ಸುಂಯ್ ಎನ್ನುವ ಶಬ್ದ.

ಟೇಪು ತಂದಿದ್ದ ಪಾಲಿನ್ ಅದನ್ನು ಮುಂದೆ ಓಡಿಸಿ ಅಲ್ಲಲ್ಲಿ ಕೇಳಿದಳು. ಏನೂ ಇಲ್ಲ. “ಯಾರೋ ಅಳಿಸಿಬಿಟ್ಟಿದ್ದಾರೆ,” ಎಂದಳು. “ಬೆಳಿಗ್ಗೆ ದನಿ ಹಾಕದೆ ಓಡಿಸಿ ನೋಡಿದಾಗ ಯಂತ್ರದ ಮುಳ್ಳು ಕುಣೀತಿತ್ತು, ಹಾಡು ಇತ್ತು. ಈಗ ಇಲ್ಲ.”

ಎಲ್ಲರೂ ನನ್ನ ಪಕ್ಕದ ಕುರ್ಚಿಯ ಕಡೆ ತಿರುಗಿದರು. ಅಲ್ಲಿ ಎಡ್ನಾ ಪಿಕರಿಂಗ್ ಕುಳಿತಿದ್ದಳು. ಸುಂಕದ ಇಲಾಖೆಯಲ್ಲಿದ್ದಾಗ ಹಡಗುಗಳ ಮೂಲೆಮೂಲೆ ಜಾಲಾಡಿದವಳು. ನಿವೃತ್ತಿಯಾದ ಮೇಲೂ ನಮ್ಮ ಊರಿನಲ್ಲಿ ಏನು ಕಳೆದರೂ, ಯಾರು ಸುಳ್ಳು ಹೇಳಿದರೂ ಜನ ಅವಳ ಬಾಗಿಲನ್ನೇ ತಟ್ಟುತ್ತಿದ್ದರು. ನಾನು ರೆಜ್ ಕೇವುಡ್, ಮೊದಲು ಬಸ್ ಓಡಿಸುತ್ತಿದ್ದೆ. ಅವಳ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವಳು ಹೋದಲ್ಲೆಲ್ಲ ಜೊತೆಗೆ ಹೋಗುತ್ತಿದ್ದೆ.

“ಯಾರೂ ಯಂತ್ರ ಮುಟ್ಟಬೇಡಿ,” ಎಂದಳು ಎಡ್ನಾ. “ಮನೆಗೂ ಹೋಗಬೇಡಿ.”

ಕಳೆದುಹೋದದ್ದು ಏನೆಂದು ಮೊದಲು ಹೇಳುತ್ತೇನೆ. ಎಪ್ಪತ್ತರ ದಶಕದಲ್ಲಿ ‘ಸಾಲ್ಟ್ ಬೆಲ್ಸ್’ ಎಂಬ ವಾದ್ಯತಂಡವೆಂದರೆ ನಮ್ಮ ಊರು ಎದೆಯುಬ್ಬಿಸುತ್ತಿತ್ತು. ಅದರ ಗಾಯಕ ರಾಯ್ ತೀರಿಕೊಂಡ. ಉಳಿದವರು ಗ್ಲೆಂಡಾ ಮಾರ್ ಎಂಬ ಹುಡುಗಿಯನ್ನು ಸೇರಿಸಿಕೊಂಡು ‘ಲೋ ವಾಟರ್’ ಎಂಬ ಹೊಸ ತಂಡ ಕಟ್ಟಿದರು. ಆ ತಂಡ ಒಂದು ಚಳಿಗಾಲ ಬಾಳಿತು, ಅಷ್ಟೇ. ಕೊನೆಯ ಕಾರ್ಯಕ್ರಮದಲ್ಲಿ ಯಾರೋ “ಇಳಿಯೇ ಕೆಳಗೆ, ನೀನು ರಾಯ್ ಅಲ್ಲ!” ಎಂದು ಕೂಗಿದ. ಅವಳು ಹಾಡು ಮುಗಿಸಿ ವೇದಿಕೆಯಿಂದ ಇಳಿದಳು. ಆಮೇಲೆ ಎಲ್ಲಿಯೂ ಹಾಡಲಿಲ್ಲ. ರೆಕಾರ್ಡೂ ಬರಲಿಲ್ಲ. ಪಾಲಿನ್‌ಳ ತೀರಿಕೊಂಡ ಅಣ್ಣ ಆ ರಾತ್ರಿ ವೇದಿಕೆಯ ಬುಡದಲ್ಲಿ ಮೈಕು ಇಟ್ಟು ಮಾಡಿಕೊಂಡಿದ್ದ ಟೇಪೊಂದೇ ಉಳಿದಿತ್ತು. ಅದು ಅಟ್ಟದಲ್ಲಿ ಸಿಕ್ಕಿದ್ದು ಈ ಬೇಸಿಗೆಯಲ್ಲಿ. ತಂಡದ ಡ್ರಮ್ಮರ್ ಕೆನ್ ಆಸ್ಪತ್ರೆಯಲ್ಲಿ ಕೊನೆಯ ದಿನಗಳನ್ನು ಎಣಿಸುತ್ತಿದ್ದ. ಅವನಿಗೆ ಅದನ್ನು ಕೇಳಿಸಬೇಕೆಂದೇ ನಾವು ಸೇರಿದ್ದೆವು.

ಬೆಳಿಗ್ಗೆ ಎಲ್ಲ ಖುಷಿಯಾಗಿಯೇ ಶುರುವಾಗಿತ್ತು. ಹಳೆಯ ಅಭಿಮಾನಿಗಳ ನಮ್ಮ ಕೂಟದ ಮುಖ್ಯಸ್ಥ ನಾರಿಸ್ ಟೆಬಟ್ ಎಂದಿನಂತೆ ಆ ರಾತ್ರಿಯ ಕತೆ ತೆಗೆದಿದ್ದ. ಲೋ ವಾಟರ್ ಹೆಸರನ್ನು ಇಷ್ಟು ವರ್ಷ ಉಳಿಸಿದವನು ಅವನೇ.

“ನಾನು ಹಿಂದೆ ಬಾಗಿಲ ಹತ್ರ ಬಿಯರ್ ಹಿಡ್ಕೊಂಡು ನಿಂತಿದ್ದೆ. ಗ್ಲೆಂಡಾ ಬಂದ್ಲು ನೋಡಿ, ಎಡಗಾಲಿನ ಬೂಟಿನ ದಾರ ಬಿಚ್ಚಿಹೋಗಿತ್ತು. ಪಾಪ, ತುಳಿದು ಮುಗ್ಗರಿಸ್ತಾಳೋ ಏನೋ ಅಂತ ನಂಗೆ ಭಯ!”

“ದಾರ ಬಿಚ್ಚಿದ್ದು ನಿಜ. ನಿಂಗಿನ್ನೂ ನೆನಪಿದ್ಯಲ್ಲ ಮಾರಾಯ,” ಎಂದು ನಮ್ಮ ಜೊತೆಗೇ ಕುಳಿತಿದ್ದ ಗ್ಲೆಂಡಾ ನಕ್ಕಿದ್ದಳು.

ಕ್ಲೈವ್ ಮೂಗು ಮುರಿದಿದ್ದ. ಅವನು ಸಾಲ್ಟ್ ಬೆಲ್ಸ್ ಭಕ್ತ. “ರಾಯ್ ಇಲ್ದೆ ಅದೆಂಥಾ ಬ್ಯಾಂಡು? ನಾನು ಟಿಕೆಟ್ ಹರಿದು ಬಿಸಾಕಿ ಮನೇಲಿ ಕೂತಿದ್ದೆ. ಕಾರ್ಯಕ್ರಮ ನಡೆದ ಹಾಲೂ ಅಷ್ಟಕ್ಕಷ್ಟೆ, ನೆಲ ಚಪ್ಪಟೆ. ಹಿಂದೆ ನಿಂತ್ರೆ ಬರೀ ಜನರ ತಲೆ ಕಾಣೋದು.”

ಪಾಲಿನ್ ಮೊದಲ ತುಣುಕನ್ನು ಹಾಕಿ ನಿಲ್ಲಿಸಿದ್ದಳು. “ಹಾಡು ಊಟ ಆದ್ಮೇಲೆ. ಎಲ್ಲರ ಜೊತೆಗೇ ಕೇಳೋಣ ಅಂತ ನಾನೂ ಇನ್ನೂ ಕೇಳಿಲ್ಲ. ಆಗ್ಲೇ ಕಂಪ್ಯೂಟರಿಗೆ ಇಳಿಸ್ತೀನಿ. ನನ್ನ ಹತ್ರ ಇರೋ ಸಾಧನದಲ್ಲಿ ಗುಂಪಿನ ಒಬ್ಬೊಬ್ಬರ ದನಿಯನ್ನೂ ಬೇರೆ ಮಾಡಿ ಕೇಳಬಹುದು. ಅಂದು ಹಾಲಿನಲ್ಲಿ ಯಾರ್ಯಾರು ಇದ್ರು ಅಂತ ಕೇಳೋಕೆ ಕೆನ್‌ಗೆ ಆಸೆ.” ಕೆನ್‌ಗೆ ನಮ್ಮ ಮಾತುಗಳನ್ನು ಬೇರೊಂದು ಟೇಪಿನಲ್ಲಿ ಹಿಡಿದು ಕೊಡಲೆಂದು ಮೈಕನ್ನೂ ಯಂತ್ರಕ್ಕೆ ಸಿಕ್ಕಿಸಿಟ್ಟಿದ್ದಳು.

ನಾನು, ಎಡ್ನಾ, ಪಾಲಿನ್, ಕ್ಲೈವ್ ಒಟ್ಟಿಗೆ ಕೆಳಗಿಳಿದು ಮೀನು, ಕರಿದ ಆಲೂಗಡ್ಡೆ, ಹಿಸುಕಿದ ಬಟಾಣಿಯ ಮುಂದೆ ಕುಳಿತೆವು. ಗ್ಲೆಂಡಾ ಸಿಗರೇಟು ಸೇದಿ ಬಂದಳು. ಎಲ್ಲರಿಗಿಂತ ಕೊನೆಗೆ ನಾರಿಸ್ ಬಂದ. ಪಬ್ಬಿನ ಒಡತಿ ಡೋರಿನ್ ಮೆಟ್ಟಿಲ ಬುಡದಲ್ಲೇ ಅವನನ್ನು ಹಿಡಿದಳು: “ಮೀನು ತಣ್ಣಗಾದ್ರೆ ನನ್ನ ಬೈಬೇಡ ಕಣಯ್ಯ!”

“ಕೆಳಗೆ ಹಿತ್ತಲ ಶೌಚಾಲಯಕ್ಕೆ ಹೋಗಿದ್ದೆ,” ಎಂದ ಅವನು. ಊಟ ಮುಗಿಯುವವರೆಗೆ ಯಾರೂ ಮೇಜು ಬಿಟ್ಟು ಏಳಲಿಲ್ಲ.

ಇಷ್ಟೇ ನಡೆದದ್ದು. ಎಡ್ನಾ ಪಾಲಿನ್‌ಳನ್ನು ಕೇಳಿದಳು: “ಕೈ ತಾಗಿ ಅಳಿಸಿಹೋಗಿರಬಹುದಾ?”

“ಸಾಧ್ಯವೇ ಇಲ್ಲ. ಎರಡು ಗುಂಡಿ ಒಟ್ಟಿಗೆ ಒತ್ತಬೇಕು. ಒತ್ತಿ ಬಿಟ್ರೆ ಟೇಪು ಮುಗಿಯೋವರೆಗೂ ತಾನೇ ಓಡುತ್ತೆ.”

“ಹಾಗಾದ್ರೆ ಕ್ಲೈವೇ!” ಎಂದು ನಾನು ತಡೆಯಲಾರದೆ ಅಂದುಬಿಟ್ಟೆ. “ಲೋ ವಾಟರ್ ಕಂಡ್ರೆ ಆಗದವನು ಅವನೊಬ್ಬನೇ.”

“ಬಾಯಿ ಮುಚ್ಚೋ ಬಸ್ಸು!” ಎಂದು ಕ್ಲೈವ್ ಎದ್ದ. “ನಂಗೆ ಇಷ್ಟ ಇಲ್ಲ ಅಂದ್ರೆ ಕೇಳಲ್ಲ, ಅಷ್ಟೇ. ಅಳಿಸೋಕೆ ನಾನೇನು ರಾಕ್ಷಸನಾ?”

ಎಡ್ನಾ ನಮ್ಮಿಬ್ಬರನ್ನೂ ಲೆಕ್ಕಿಸಲಿಲ್ಲ. “ಗ್ಲೆಂಡಾ, ಆ ಕೂಗು ಯಾವ ಕಡೆಯಿಂದ ಬಂತು?”

ಗ್ಲೆಂಡಾ ಕಿಟಕಿಯ ಹೊರಗೆ ನೋಡುತ್ತಿದ್ದಳು. “ಎದುರಿಗೇ, ನನ್ನ ಕಾಲ ಬುಡದಿಂದ. ದೀಪ ಕಣ್ಣಿಗೆ ಹೊಡೀತಿತ್ತು, ಮುಖ ಕಾಣಲಿಲ್ಲ.”

ಎಡ್ನಾ ಹೆಡ್‌ಫೋನು ಕಿವಿಗೇರಿಸಿಕೊಂಡಳು. ಮೊದಲ ತುಣುಕಿನ ತುದಿಯಿಂದ ಟೇಪನ್ನು ಓಡಿಸಿ, ದನಿಯನ್ನು ಪೂರ್ತಿ ಏರಿಸಿ, ಕಣ್ಣು ಮುಚ್ಚಿ ಕುಳಿತಳು. ಹಡಗಿನ ಗೋಡೆಗೆ ಕಿವಿಯಿಟ್ಟು ಒಳಗೆ ಟೊಳ್ಳಿದೆಯೇ ಎಂದು ನೋಡುತ್ತಿದ್ದಾಗಲೂ ಹೀಗೇ ಕೂರುತ್ತಿದ್ದಳಂತೆ. ತುಸು ಹೊತ್ತಿನಲ್ಲೇ ಅವಳ ಮುಖ ಬಾಡಿತು. ಅದು ಗೆದ್ದವರ ಮುಖವಲ್ಲ. ಡೋರಿನ್‌ಳನ್ನೂ ಮೇಲಕ್ಕೆ ಕರೆಸಿದಳು.

“ಈ ಟೇಪು ಖಾಲಿ ಇಲ್ಲ,” ಎಂದು ಶುರುಮಾಡಿದಳು. “ಊಟದ ಹೊತ್ತಲ್ಲಿ ನಾವೆಲ್ಲ ಕೆಳಗಿದ್ವಿ, ಹಾಗಾಗಿ ಯಾರೂ ಅಳಿಸಿರೋಕೆ ಆಗಲ್ಲ ಅನ್ನಿಸುತ್ತೆ. ಆದ್ರೆ ಯಂತ್ರ ತಾನಾಗೇ ಓಡುತ್ತೆ. ಗುಂಡಿ ಒತ್ತಿ ಇಳಿದು ಬಂದ್ರೆ ಸಾಕು. ಒತ್ತಿದವರು ಒಂದು ಮರೆತ್ರು. ಮೈಕು ಸಿಕ್ಕಿಸಿತ್ತು. ಹಳೇ ಹಾಡು ಅಳಿಸ್ತಾ ಅಳಿಸ್ತಾ ಯಂತ್ರ ಈ ಕೋಣೆಯ ಸದ್ದನ್ನ ಹಿಡಿದುಕೊಳ್ತಾ ಹೋಯ್ತು.”

ಹೆಡ್‌ಫೋನು ಕಿತ್ತು ದನಿಯನ್ನು ಸ್ಪೀಕರಿಗೆ ಬಿಟ್ಟಳು. ಸುಂಯ್ ಶಬ್ದದ ಅಡಿಯಲ್ಲಿ ಹೆಜ್ಜೆಗಳು ಕೇಳಿದವು. ಬಾಗಿಲವರೆಗೆ ಹೋದವು, ನಿಂತವು, ಮತ್ತೆ ಯಂತ್ರದ ಹತ್ತಿರ ಬಂದವು. ಬಹಳ ಹೊತ್ತು ಯಾರೋ ಉಸಿರಾಡುವುದು ಮಾತ್ರ. ಆಮೇಲೆ ಹೆಜ್ಜೆಗಳು ಮೆಟ್ಟಿಲಿಳಿದವು. ತುಂಬಾ ದೂರದಿಂದ ಒಂದು ಹೆಂಗಸಿನ ದನಿ: “ಮೀನು ತಣ್ಣಗಾದ್ರೆ ನನ್ನ ಬೈಬೇಡ ಕಣಯ್ಯ!”

“ಅಯ್ಯೋ ದೇವರೇ, ಅದು ನಂದು,” ಎಂದಳು ಡೋರಿನ್. ಅವಳು ಯಾರ ಕಡೆ ನೋಡಿದಳೆಂದು ಹೇಳಬೇಕಾಗಿಲ್ಲ.

“ಯಾರು ಅನ್ನೋದು ಇಷ್ಟರಿಂದಲೇ ಗೊತ್ತಾಯ್ತು,” ಎಂದಳು ಎಡ್ನಾ. “ಯಾಕೆ ಅನ್ನೋದು ಬೆಳಿಗ್ಗೆಯೇ ನಮ್ಮ ಮುಂದಿತ್ತು. ನಾರಿಸ್, ನೀನು ಹಿಂದೆ ಬಾಗಿಲ ಹತ್ರ ಇದ್ದೆ ಅಂದೆ. ಆ ಹಾಲಲ್ಲಿ ಹಿಂದೆ ನಿಂತ್ರೆ ತಲೆಗಳು ಮಾತ್ರ ಕಾಣ್ತವೆ ಅಂತ ಕ್ಲೈವ್ ಹೇಳಿದ. ನಿಂಗೆ ಅವಳ ಬೂಟಿನ ದಾರ ಕಂಡಿದೆ. ಹಾಗಾದ್ರೆ ನೀನು ವೇದಿಕೆಯ ಬುಡದಲ್ಲೇ ಇದ್ದೆ. ಮುಂದೆ ಇದ್ದವನು ಇಷ್ಟು ವರ್ಷ ಹಿಂದೆ ಇದ್ದೆ ಅಂತ ಯಾಕೆ ಹೇಳಿಕೊಂಡು ಬರ್ತಾನೆ? ಕೂಗು ಬಂದದ್ದು ಮುಂದಿನಿಂದ. ಪಾಲಿನ್ ಅಣ್ಣನ ಮೈಕೂ ಅಲ್ಲೇ ಇತ್ತು. ಒಬ್ಬೊಬ್ಬರ ದನಿಯನ್ನೂ ಬೇರೆ ಮಾಡಿ ಕೇಳಿಸ್ತೀನಿ ಅಂತ ಪಾಲಿನ್ ಅಂದ ಗಳಿಗೆಯಿಂದ ನಿಂಗೆ ನಿಂತ ನೆಲ ಕುಸಿದಿತ್ತು.”

ನಾರಿಸ್ ಮುಖ ಮುಚ್ಚಿಕೊಂಡ. “ರಾಯ್ ಸತ್ತು ವರ್ಷವೂ ಆಗಿರ್ಲಿಲ್ಲ,” ಎಂದ ಬೆರಳುಗಳ ಸಂದಿಯಿಂದ. “ಕುಡಿದಿದ್ದೆ. ಬಾಯಿಂದ ಬಂದುಬಿಡ್ತು. ಮಾರನೇ ದಿನ ತಂಡ ಒಡೀತು ಅಂದ್ರು. ಅವತ್ತಿಂದ ಈ ಕೂಟ ಕಟ್ಟಿದ್ದು, ಎಲ್ಲರ ಹತ್ರ ಲೋ ವಾಟರ್ ಲೋ ವಾಟರ್ ಅಂತ ಹೇಳ್ತಾ ತಿರುಗಿದ್ದು, ಎಲ್ಲ ಅದಕ್ಕೇ. ಆ ಒಂದು ಕೂಗನ್ನ ಮಾತ್ರ ಅಳಿಸೋಣ ಅಂದ್ಕೊಂಡೆ. ಅದು ಎಲ್ಲಿದೆ ಅಂತ ಗೊತ್ತಿರ್ಲಿಲ್ಲ.”

“ವಾಪಸ್ ಬಂದು ನಿಂತಿದ್ದೆ ನೀನು,” ಎಂದಳು ಎಡ್ನಾ. “ನಿಲ್ಲಿಸೋ ಗುಂಡಿ ಕೈಗೆ ಎಟಕುತ್ತಿತ್ತು.”

“ಹೌದು. ಆಗಿನ್ನೂ ಅಳಿಸ್ತಾ ಅಳಿಸ್ತಾ ಯಂತ್ರ ಅವಳ ಹಾಡಿನವರೆಗೆ ಬಂದಿರ್ಲಿಲ್ಲವೋ ಏನೋ.”

ಪಾಲಿನ್ ಅವನನ್ನು ಹೊಡೆಯಲು ಹೋದಳು, ಕ್ಲೈವ್ ಹಿಡಿದುಕೊಂಡ. ಗ್ಲೆಂಡಾ ಮಾತ್ರ ಕುಳಿತಲ್ಲೇ ಇದ್ದಳು. ಅವಳ ದನಿ ಸಿಗರೇಟಿನಿಂದ ಯಾವಾಗಲೋ ಒಡೆದುಹೋಗಿತ್ತು.

“ಕೂಗಿದ್ದು ನೀನು ಅಂತ ಗೊತ್ತಾಗಿದ್ರೆ ಎರಡು ಬೈದು ಬಿಟ್ಟುಬಿಡ್ತಿದ್ದೆ ನಾರಿಸ್,” ಎಂದಳು. “ನಾನು ಬಂದಿದ್ದು ಹಾಡು ಕೇಳೋಕೆ. ನೀನು ಕೂಗಿದ್ದು ಸರಿನೋ ತಪ್ಪೋ ತಿಳ್ಕೊಳ್ಳೋಕೆ. ನಾನು ಚೆನ್ನಾಗಿ ಹಾಡಿದ್ನಾ ಇಲ್ವಾ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ.”

“ಚೆನ್ನಾಗಿತ್ತು. ದೇವರಾಣೆ ಚೆನ್ನಾಗಿತ್ತು ಗ್ಲೆಂಡಾ.”

“ನಿನ್ನ ಮಾತು ನಂಬಲಾ?”

ನಾರಿಸ್ ಕೋಟು ತೆಗೆದುಕೊಂಡು ಇಳಿದು ಹೋದ. ಯಾರೂ ತಡೆಯಲಿಲ್ಲ. ಪಾಲಿನ್ ಯಂತ್ರದ ಮುಚ್ಚಳ ಹಾಕಿದಳು. ಕೂಟ ಮತ್ತೆಂದೂ ಸೇರಲಿಲ್ಲ.

ಮಾರನೆಯ ದಿನ ಎಡ್ನಾ ಮತ್ತು ನಾನು ಗ್ಲೆಂಡಾಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕೆನ್ ಹಾಸಿಗೆಯಲ್ಲಿ ಒಣಗಿದ ಕಡ್ಡಿಯಂತಿದ್ದ. ಆದರೂ ಅವಳನ್ನು ನೋಡಿ ಕಣ್ಣರಳಿಸಿದ. ಟೇಪು ಹಾಳಾಯಿತೆಂದು ಎಡ್ನಾ ಹೇಳಿದಳು. ಹೇಗೆಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಗ್ಲೆಂಡಾ ಹಾಸಿಗೆಯ ಅಂಚಿನಲ್ಲಿ ಕುಳಿತು ಅವನ ಕೈ ಹಿಡಿದುಕೊಂಡಳು. “ಕೆನ್, ನೀನು ನನ್ನ ಬೆನ್ನ ಹಿಂದೆಯೇ ಇದ್ದೆಯಲ್ಲ. ನಿಜ ಹೇಳು. ಅವತ್ತು ಹೇಗೆ ಹಾಡ್ದೆ ನಾನು?”

ಅವನು ಉಸಿರು ಕೂಡಿಸಿಕೊಂಡ.

“ನಾನು ಡ್ರಮ್ ಬಾರಿಸ್ತಿದ್ದೆ ಕಣೇ,” ಎಂದ. “ನಂಗೇನೂ ಕೇಳಿಸ್ತಿರ್ಲಿಲ್ಲ. ಅದಕ್ಕೇ ಟೇಪು ಬೇಕಿತ್ತು.”