ಬೇರೆಯಾಗದ ಕಹಿ

"ಮೇಡಂ, ನನ್ನ ಮೇಲೆ ಏನಾದ್ರೂ ಮುನಿಸಾ? ಒಂದು ವಾರದಿಂದ ಮುಖ ಎತ್ತಿ ನೋಡ್ತಾನೇ ಇಲ್ಲ."

ಟೊಮ್ಯಾಟೊ ಮೊಗ್ಗುಗಳ ಡಬ್ಬಿಯನ್ನು ಪ್ರಯೋಗಾಲಯದ ಮೇಜಿನ ಮೇಲಿಟ್ಟು, ಹೊಸ ತಳಿ ಬೆಳೆಸುವ ತಳಿಗಾರ ನಿಂತೇ ಇದ್ದ. ಅವನ ಗಿಡಗಳ ಕ್ರೋಮೋಸೋಮು ಪರೀಕ್ಷಿಸುವ ಅವಳು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ತೆಗೆದರೆ ಅವನ ಕಣ್ಣು ಸಿಗುತ್ತದೆ. ಸಿಕ್ಕರೆ ಗುಟ್ಟು ಉಳಿಯುವುದಿಲ್ಲ.

ಸೊರಗು ರೋಗ ತಡೆಯುವ ಕಾಡು ಟೊಮ್ಯಾಟೊವನ್ನು ತೋಟದ ಟೊಮ್ಯಾಟೊ ಜೊತೆ ಕೂಡಿಸಲು ಅವನು ವರ್ಷಗಟ್ಟಲೆ ಬೆವರು ಸುರಿಸಿದ್ದ. ರೋಗ ತಡೆಯುವ ಗುಣ ಬಂತು; ಬೆನ್ನಿಗೇ ಕಹಿಯೂ ಬಂತು. ಪರಾಗ ಹುಟ್ಟುವ ಮುನ್ನ ಜೋಡಿ ಕ್ರೋಮೋಸೋಮುಗಳು ಒತ್ತೊತ್ತಾಗಿ ಕೂತು ತುಣುಕು ಬದಲಾಯಿಸಿಕೊಳ್ಳುವಾಗ, ಎಂದಾದರೊಮ್ಮೆ ಆ ಗುಣವೂ ಕಹಿಯೂ ಬೇರೆಯಾದಾವು ಎಂಬ ಆಸೆ ಅವನದು. ಆಗದು ಎಂದು ಅವಳು ಬರೆದುಕೊಟ್ಟರೆ ಇಲ್ಲಿನ ಕೆಲಸ ಮುಗಿದಂತೆ. ಸಂಸ್ಥೆಯವರು ಅವನನ್ನು ದೂರ ದೇಶದ ತಮ್ಮ ತೋಟಕ್ಕೆ ಕಳಿಸುವುದು ಖಂಡಿತ.

"ನೀವೇ ನೋಡಿ," ಎಂದಳು ಕೊನೆಗೆ.

ಅವನು ಬಗ್ಗಿದ. ಭುಜಕ್ಕೆ ಭುಜ ತಾಕಿತು. ಅವಳು ಸರಿಯಲಿಲ್ಲ.

"ಎಲ್ಲ ಜೋಡಿನೂ ನೇರವಾಗಿದೆ. ಇದೊಂದು ಮಾತ್ರ ಕುಣಿಕೆ ಹಾಕ್ಕೊಂಡಿದೆಯಲ್ಲ?"

"ಕಾಡುಗಿಡದ ಆ ತುಂಡು ತಲೆಕೆಳಗಾಗಿದೆ. ಜೊತೆ ಕೂರ್ಬೇಕಂದ್ರೆ ಹೀಗೇ ಸುತ್ಕೋಬೇಕು. ಅಲ್ಲಿ ಅದಲುಬದಲಾದ್ರೆ ಪರಾಗ ಬದುಕಲ್ಲ. ರೋಗ ತಡೆಯೋ ಗುಣ, ಕಹಿ, ಎರಡೂ ಅದರೊಳಗೇ ಇವೆ. ಬೇರೆ ಆಗಲ್ಲ, ಸರ್."

ಅವನು ಬಹಳ ಹೊತ್ತು ನೋಡಿದ. "ಎಷ್ಟು ಚೆಂದ ಇದೆ. ಬೈಯೋಕೂ ಬಾಯಿ ಬರಲ್ಲ." ನಗಲು ಹೋದ, ನಗು ಅರ್ಧಕ್ಕೇ ಬಾಡಿತು. "ಯಾವಾಗ ಗೊತ್ತಾಯ್ತು?"

"ಹೋದ ವಾರ."

"ಒಂದು ವಾರ ಬಾಯಿ ಹೊಲ್ಕೊಂಡಿದ್ರಾ? ಯಾಕೆ?"

"ಹೇಳಿದ್ರೆ ನೀವು ಹೊರಟುಹೋಗ್ತೀರಲ್ಲ."

ಬಣ್ಣದ ದ್ರಾವಣ ತಾಗಿ ಕೆಂಪಾಗಿದ್ದ ಅವಳ ಬೆರಳುಗಳನ್ನು ಅವನು ಮೆಲ್ಲನೆ ಹಿಡಿದುಕೊಂಡ. ಆಚೆ ಯಾರೋ ಕೆಮ್ಮಿದರೂ ಬಿಡಲಿಲ್ಲ.

"ನನ್ನ ಜೊತೆ ಬಂದ್ಬಿಡಿ."

"ಅಪ್ಪ ಹಾಸಿಗೆ ಬಿಟ್ಟು ಏಳಲ್ಲ. ನಾನಲ್ದೆ ಅವರಿಗೆ ಯಾರಿದ್ದಾರೆ?"

ಹಾಗಾದರೆ ಇಲ್ಲೇ ಇರುತ್ತೇನೆ ಎನ್ನಲು ಅವನ ಬಾಯಿ ತೆರೆಯಿತು. ಅಷ್ಟರಲ್ಲಿ ಮನೆ ನೆನಪಾಯಿತು. ಗಂಡನನ್ನು ಕಳೆದುಕೊಂಡ ತಂಗಿ, ಅವಳ ಮಕ್ಕಳು, ಎಲ್ಲರೂ ಅವನ ದುಡಿಮೆಯನ್ನೇ ನಂಬಿದ್ದರು. ಅದು ಇವಳಿಗೂ ಗೊತ್ತಿತ್ತು. ಇಲ್ಲೇ ಇರಿ ಎಂದು ಒತ್ತಾಯ ಮಾಡಲಿಲ್ಲ.

ವರದಿ ಹೋಯಿತು. ಆದೇಶ ಬಂತು.

ಅವನು ಹೊರಡುವ ದಿನ ಅಪ್ಪನಿಗೆ ಔಷಧಿ ಕುಡಿಸಿ, ಮೈ ಒರೆಸಿ, ಅವಳು ಓಡೋಡಿ ನಿಲ್ದಾಣ ಮುಟ್ಟುವಷ್ಟರಲ್ಲಿ ರೈಲು ಇನ್ನೇನು ಹೊರಡುವುದರಲ್ಲಿತ್ತು. ಅವನು ಬಾಗಿಲಲ್ಲೇ ನಿಂತು ದಾರಿ ನೋಡುತ್ತಿದ್ದ.

"ಹೋಗ್ತೀನಿ," ಅಂದ.

"ಹೋಗಿ ಬರ್ತೀನಿ ಅನ್ನಬಾರ್ದಾ?"

"ನಿನ್ನ ಹತ್ರ ಸುಳ್ಳು ಹೇಳೋಕಾಗಲ್ಲ."

ಮೊದಲ ಸಲ 'ನೀನು' ಅಂದಿದ್ದ. ಅದು ಅವಳ ಕಿವಿಗೆ ಬಿದ್ದು ಎದೆಗಿಳಿಯುವಷ್ಟರಲ್ಲಿ ರೈಲು ಕದಲಿತ್ತು.