ಜವಳಿ ಅಂಗಡಿಯ ಮೇಲಿನ ಕೋಣೆ

ಸುವರ್ಣಾಬಾಯಿ ಹಡಗಲಿ ಕಣ್ಣು ಮುಚ್ಚಿ ಷಡ್ಜ ಹಚ್ಚಿದರು. ಧಾರವಾಡದ ಆ ಪ್ರಯೋಗಾಲಯದ ಗೋಡೆಗಳಿಗೆಲ್ಲ ದಪ್ಪ ಸ್ಪಂಜು ಬಡಿದಿದ್ದರು. ಅಲ್ಲಿ ಕೆಮ್ಮಿದರೆ ಕೆಮ್ಮು ಬಾಯಿಂದ ಹೊರಬಿದ್ದು ಅಲ್ಲೇ ಸಾಯುತ್ತಿತ್ತು. ಆದರೆ ಕಿವಿಯಲ್ಲಿದ್ದ ಪುಟ್ಟ ಇಯರ್‌ಫೋನಿನಲ್ಲಿ ಅವರ ದನಿ ಬೇರೆಲ್ಲಿಗೋ ಹೋಗಿ ಬಂತು. ಎಡಗಡೆ ಮೆತ್ತಗೆ ಇಂಗಿತು, ಬಲಗಡೆ ತಗಡಿನ ಕಿಟಕಿಗೆ ತಾಗಿ ತುಸು ಕಿರುಗುಟ್ಟಿತು, ಮೇಲೆ ತೊಲೆಗಳ ಸಂದಿನಲ್ಲಿ ಒಂದಿಷ್ಟು ತಂಗಿ ಹಿಂದಿರುಗಿತು.

ಸುವರ್ಣಾಬಾಯಿ ಹಾಡು ನಿಲ್ಲಿಸಿದರು. "ಎಡಕ್ಕ ಸೀರಿ ಗಂಟು ಅದಾವ," ಎಂದರು.

"ಮುಂದೆ, ಸ್ವಲ್ಪ ಎಡಕ್ಕೆ, ದೊಡ್ಡ ಮೈಯವರು ಯಾರೋ ಕೂತಿದ್ದಾರೆ ಮೇಡಮ್," ಎಂದಳು ಅನ್ವಿತಾ ನಾಯಕ, ಯಂತ್ರದ ಪರದೆ ನೋಡುತ್ತ. "ಅವರು ಕೂತಲ್ಲಿ ಸದ್ದು ಹೀರಿಕೊಳ್ಳುತ್ತಿದೆ."

ಅದು ಅವರ ಗುರು ವೀರಭದ್ರಪ್ಪ ಮಾಸ್ತರರು. ಗೋಡೆಗೊರಗಿ ಕಾಲು ಚಾಚಿ ಕೂರುತ್ತಿದ್ದ ಜಾಗವೇ ಅದು. ಅವರು ತೀರಿಕೊಂಡು ಮೂವತ್ತು ವರ್ಷದ ಮೇಲಾಗಿತ್ತು. ಅರವತ್ತೆಂಟರ ಸುವರ್ಣಾಬಾಯಿ ಸಣ್ಣ ಹುಡುಗಿಯ ಹಾಗೆ ಅತ್ತರು.

ಅದು ೨೦೫೮ನೆಯ ಇಸವಿ. ಸುವರ್ಣಾಬಾಯಿ ಅಳುವಂತೆ ಮಾಡಿದ್ದು ಕಬ್ಬಿಣದ ರ್‍ಯಾಕಿಗೆ ಸ್ಕ್ರೂ ಬಿಗಿದು ಕೂರಿಸಿದ್ದ ಒಂದು ಚಪ್ಪಟೆ ಕಪ್ಪು ಪೆಟ್ಟಿಗೆ. ಅಂಥ ಪೆಟ್ಟಿಗೆಗಳು ಹೊಸವೇನಲ್ಲ. ಹಿಂದಿನ ಶತಮಾನದಿಂದಲೂ ಸ್ಟುಡಿಯೋಗಳ ರ್‍ಯಾಕಿನಲ್ಲಿ ಎಫೆಕ್ಟ್ಸ್ ಪ್ರೊಸೆಸರ್ ಎಂಬ ಯಂತ್ರ ಕೂತೇ ಇತ್ತು. ಒಣ ದನಿ ಕೊಟ್ಟರೆ ಅದಕ್ಕೆ ದೊಡ್ಡ ಸಭಾಂಗಣದ ಗುಂಗು ಬೆರೆಸಿ ಕೊಡುತ್ತಿತ್ತು. ದನಿಯೊಂದು ಗೋಡೆ ಚಾವಣಿಗಳಿಗೆ ಬಡಿದು ಮರಳುತ್ತ ಕರಗುವುದಕ್ಕೆ ಅನುರಣನ ಎನ್ನುತ್ತಾರೆ. ಹಳೆಯ ಯಂತ್ರಗಳದು ಲೆಕ್ಕ ಹಾಕಿ ಮಾಡಿದ ಅನುರಣನ, ಯಾರ ಮನೆಯದೂ ಅಲ್ಲದ್ದು. ಅನ್ವಿತಾ ಕಂಡುಹಿಡಿದದ್ದು ಬೇರೆ. ಎಷ್ಟೇ ಕೆಟ್ಟ ರೆಕಾರ್ಡಿಂಗ್ ಆಗಲಿ, ಹಾಡಿನ ಜೊತೆ ಹಾಡಿದ ಜಾಗವೂ ಅದರಲ್ಲಿ ಅಚ್ಚಾಗಿರುತ್ತದೆ. ತಬಲಾದ ಒಂದೊಂದು ಪೆಟ್ಟೂ ಹೇಗೆ ಕರಗಿತು ಎಂಬುದನ್ನು ಹಿಡಿದು, ಹಾಡನ್ನು ಬದಿಗಿಟ್ಟು, ಜಾಗವನ್ನಷ್ಟೇ ಎತ್ತಿ ಕೊಡುವ ವಿದ್ಯೆ ಅವಳದು. ಆ ಯಂತ್ರಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಹಾಡುವವರು ಬಾರಿಸುವವರೆಲ್ಲ ಕೋಣೆಪೆಟ್ಟಿಗೆ ಎಂದು ಕರೆದರು, ಅದೇ ನಿಂತಿತು.

ಮೊದಮೊದಲು ನಕ್ಕವರೂ ಆಮೇಲೆ ಸಾಲುಗಟ್ಟಿ ಬಂದರು. ಶಿವಮೊಗ್ಗದ ಗಿಟಾರಿನವನೊಬ್ಬ ತನ್ನ ಕಾಲೇಜಿನ ಮೆಟ್ಟಿಲುಸಾಲನ್ನು ಕೇಳಿದ. ಕೋಲಾರದ ನಾದಸ್ವರದವರು ಬಿದ್ದುಹೋದ ಕಲ್ಲುಮಂಟಪವೊಂದನ್ನು ಕೇಳಿದರು. ಊರೂರು ಸುತ್ತಿ ಆರ್ಕೆಸ್ಟ್ರಾಗಳಲ್ಲಿ ಹಾಡಿ ಹೆಸರು ಮಾಡಿದ ಗಾಯಕರೊಬ್ಬರಂತೂ ತಾವಿದ್ದ ಹಾಸ್ಟೆಲಿನ ಬಚ್ಚಲುಮನೆಯನ್ನೇ ಬೇಡಿದರು. ತಮಗೂ ದನಿಯಿದೆ ಎಂದು ಮೊದಲು ಗೊತ್ತಾದದ್ದು ಅಲ್ಲಂತೆ. ದೊಡ್ಡ ಸಭಾಂಗಣ ಕೇಳಿದವರು ಒಬ್ಬರೂ ಇಲ್ಲ ಎಂದು ಅನ್ವಿತಾ ಆಶ್ಚರ್ಯಪಡುತ್ತಿದ್ದಳು.

ಸುವರ್ಣಾಬಾಯಿಯವರದು ಗದಗಿನ ಪೇಟೆಯ ಕೋಣೆ. ಕೆಳಗೆ ಜವಳಿ ಅಂಗಡಿ, ಮೇಲೆ ಸೀರೆಯ ಗಂಟು ಒಟ್ಟುವ ಮಾಳಿಗೆ. ಗಂಟುಗಳನ್ನು ಒಂದು ಗೋಡೆಗೆ ಸರಿಸಿ, ಉಳಿದ ಜಾಗದಲ್ಲಿ ಮಾಸ್ತರರು ಪಾಠ ಹೇಳುತ್ತಿದ್ದರು. ಅಲ್ಲೊಂದು ಪದ್ಧತಿ. ಹಾಡುವ ಮೊದಲು ಕೂತ ಹಿರಿಯರ ಕಡೆ ತಿರುಗಿ "ಅಪ್ಪಣಿ ಆಗ್ಲಿ ರೀ" ಅನ್ನಬೇಕು. ಮಾಸ್ತರರು ಅಡಿಕೆ ಅಗಿಯುವುದನ್ನು ನಿಲ್ಲಿಸಿ "ಆತು, ಹಾಡವಾ" ಅನ್ನುತ್ತಿದ್ದರು. ಆ ಮಾತು ಬೀಳುವವರೆಗೆ ತಂಬೂರಿ ನುಡಿಯುತ್ತ ಕಾಯುವುದು. ಬಾಯಿ ಒಣಗಿದ್ದರೂ ಆ ಮಾತು ಬಿದ್ದೊಡನೆ ದನಿ ತಾನಾಗಿ ಬರುತ್ತಿತ್ತು.

ಮುಂದೆ ರಸ್ತೆ ಅಗಲ ಮಾಡುವಾಗ ಆ ಕಟ್ಟಡ ಹೋಯಿತು. ಅದಕ್ಕೂ ಮೊದಲೇ ಮಾಸ್ತರರು ಹೋಗಿದ್ದರು. ಸುವರ್ಣಾಬಾಯಿ ದೊಡ್ಡ ಗಾಯಕಿಯಾದರು, ಪದ್ಧತಿ ಬಿಡಲಿಲ್ಲ. ಮುಂದಿನ ಸಾಲಿನ ಹಿರಿಯರ ಕಡೆ ತಿರುಗಿ ಕೇಳುತ್ತಿದ್ದರು. ವರ್ಷ ಕಳೆದ ಹಾಗೆ ಹಿರಿಯರೂ ಒಬ್ಬೊಬ್ಬರಾಗಿ ಕಡಿಮೆಯಾದರು. ಒಂದು ದಿನ ತಿರುಗಿ ನೋಡಿದರೆ ಸಭೆಗೆಲ್ಲ ತಾವೇ ಹಿರಿಯರು. ಅಂದಿನಿಂದ ತಲೆ ತಗ್ಗಿಸಿ ಗಾಳಿಗೆ ಕೇಳಿದಂತೆ ಕೇಳಿ, ಹಾಡಲು ತೊಡಗುತ್ತಿದ್ದರು. ಅಪ್ಪಣೆ ಕೇಳುವುದಕ್ಕೆ ಒಬ್ಬರೂ ಇಲ್ಲದ ಮೇಲೆ ಎಷ್ಟು ಹಾಡಿದರೇನು ಎಂಬ ಕೊರಗು ಅವರನ್ನು ಒಳಗೇ ತಿನ್ನುತ್ತಿತ್ತು.

ಹಾಗಾಗಿ ಕೋಣೆಪೆಟ್ಟಿಗೆ ಸಿಕ್ಕಮೇಲೆ ಅದಿಲ್ಲದೆ ಅವರು ವೇದಿಕೆ ಹತ್ತಲಿಲ್ಲ. ಯಂತ್ರದ ಕೆಲಸ ಸರಳ. ಹಳೆಯ ಕೋಣೆ ಕೇಳಿಸಬೇಕಾದರೆ ಈಗಿನ ಕೋಣೆ ಕೇಳಿಸಬಾರದು. ಹಾಡುವವರ ಇಯರ್‌ಫೋನಿಗೆ ಅವರ ದನಿ, ತಂಬೂರಿ, ತಬಲಾ ಇಷ್ಟನ್ನು ಬಿಟ್ಟು, ಸಭಾಂಗಣದ ಫ್ಯಾನು, ಕುರ್ಚಿ, ಕೆಮ್ಮು, ಪಿಸುಮಾತು ಎಲ್ಲವನ್ನೂ ಒರೆಸಿ, ಆ ಖಾಲಿ ಜಾಗದಲ್ಲಿ ಹಳೆಯ ಕೋಣೆಯನ್ನು ತುಂಬುತ್ತಿತ್ತು. ಬೆಳಗಾವಿಯಲ್ಲಿ, ಮೈಸೂರಿನಲ್ಲಿ, ವಿಜಯಪುರದಲ್ಲಿ ಸುವರ್ಣಾಬಾಯಿ ಗದಗಿನ ಮಾಳಿಗೆಯಲ್ಲೇ ಕೂತು ಹಾಡಿದರು. "ಅಪ್ಪಣಿ ಆಗ್ಲಿ ರೀ" ಎಂದು ಎಡಗಡೆಯ ಆ ದೊಡ್ಡ ಮೈಯ ಮೌನಕ್ಕೆ ಕೇಳುತ್ತಿದ್ದರು. ಉತ್ತರವಿಲ್ಲ, ನಿಜ. ಆದರೆ ಅವರಿದ್ದಾರೆ ಎಂಬ ನೆಮ್ಮದಿ.

ಅವರಿಗೆ ತಬಲಾ ಸಾಥಿಗೆ ಮೊದಲಿನಿಂದಲೂ ಇದ್ದವರು ದಾವಲಸಾಬ ನದಾಫರು. ಮಾಸ್ತರರ ಮಾಳಿಗೆಯಲ್ಲಿ ಜೊತೆಗೇ ಕಲಿತವರು, ಸುವರ್ಣಾಬಾಯಿಗಿಂತ ಎರಡು ವರ್ಷ ದೊಡ್ಡವರು. ಪೆಟ್ಟಿಗೆ ನುಂಗಿ ಅರಗಿಸಿಕೊಂಡ, ಮಾಳಿಗೆಯ ಪಾಠದ ಆ ಹಳೆಯ ರೆಕಾರ್ಡಿಂಗ್ ಕೂಡ ಅವರ ಮೊಬೈಲಿನದೇ. ಅದು ಶುರುವಾಗುವುದೇ ತಂಬೂರಿ ನುಡಿಯುತ್ತಿರುವ ನಡುವಿನಿಂದ. ಮಾಸ್ತರರ "ಆತು, ಹಾಡವಾ" ಅದರಲ್ಲಿರಲಿಲ್ಲ. ಹೊತ್ತಿಗೆ ಸರಿಯಾಗಿ ಗುಂಡಿ ಒತ್ತಲಿಲ್ಲವೆಂದು ಸುವರ್ಣಾಬಾಯಿ ಅವರನ್ನು ಎಷ್ಟು ಸಲ ಆಡಿಕೊಂಡಿದ್ದರೋ. ದಾವಲಸಾಬರು ನಕ್ಕು ಸುಮ್ಮನಾಗುತ್ತಿದ್ದರು.

ಹುಬ್ಬಳ್ಳಿಯ ಕಛೇರಿ ಮುಗಿದ ಸಂಜೆ ಅವರು ನಗಲಿಲ್ಲ. ಅಂದು ಜನ ಕೊನೆಗೊಂದು ಭಜನೆ ಆಗಲಿ ಎಂದು ಎದ್ದು ನಿಂತು ಕೂಗಿದ್ದರು. ಆ ಕೂಗು ಕೇಳಿಸದ ಸುವರ್ಣಾಬಾಯಿ ಕಣ್ಣು ಮುಚ್ಚಿಯೇ ಕೈಮುಗಿದು ಎದ್ದುಬಿಟ್ಟಿದ್ದರು.

"ತಂಗಿ, ಮುಂದಿನ ಕಛೇರಿಗೆ ಬ್ಯಾರೆಯವರನ್ನ ನೋಡ್ಕೊ," ಎಂದರು ದಾವಲಸಾಬರು, ವೇದಿಕೆಯ ಹಿಂದೆ ತಬಲಾಕ್ಕೆ ಗವಸು ತೊಡಿಸುತ್ತ.

"ಯಾಕ ದಾವಲಣ್ಣಾ? ಕೈ ನೋವು ಬಂತೇನು?"

"ಕೈಗೇನಾಗೈತಿ? ನೀ ಗದಗಿನ್ಯಾಗ ಹಾಡ್ತಿ, ನಾ ಹುಬ್ಬಳ್ಯಾಗ ಬಾರಸ್ತೀನಿ. ಹೆಂಗ ಕೂಡ್ತೈತಿ ಹೇಳು."

"ನೀನೂ ಕಿವ್ಯಾಗ ಹಾಕ್ಕೊ ಅಂದ್ರ ಒಲ್ಲೆ ಅಂತಿ. ಆ ಖೋಲಿ ನಿಂದೂ ಅಲ್ಲೇನು?"

"ನಂದೂ ಹೌದು. ಒಮ್ಮೆ ಹಾಕ್ಕೊಂಡಿದ್ದೆನಲ್ಲ. ಎಲ್ಲಾರೂ ಕುಂತಾರ, ಒಬ್ರೂ ತುಟಿ ಪಿಟಕ್ ಅನ್ನಂಗಿಲ್ಲ. ನನಗ ಹೆದರಿಕಿ ಆತವಾ." ದಾವಲಸಾಬರು ಗವಸಿನ ದಾರ ಬಿಗಿದರು. "ಮಾಸ್ತರು ಅಷ್ಟೊತ್ತು ಸುಮ್ಮನ ಕುಂತದ್ದು ನೀ ಎಂದರ ನೋಡೀಯೇನು?"

ಅವರು ಗದಗಿನ ಬಸ್ಸು ಹಿಡಿದರು. ಸುವರ್ಣಾಬಾಯಿಗೆ ಸಿಟ್ಟು ಬಂತು, ಆಮೇಲೆ ದುಃಖ ಬಂತು. ಆದರೆ ಅವರ ಮಾತಿನಲ್ಲಿ ಒಂದು ಎಳೆ ಮಾತ್ರ ಮನಸ್ಸಿಗೆ ಸಿಕ್ಕಿಕೊಂಡಿತು. ಕೋಣೆ ಬಂತು, ಮೌನ ಬಂತು. ಮಾಸ್ತರರ ಮಾತೊಂದು ಬಂದರೆ ಎಲ್ಲವೂ ಸರಿಹೋದೀತು.

ಮರುವಾರ ಅನ್ವಿತಾಳ ಎದುರು ಕೂತು ಕೇಳಿಯೇಬಿಟ್ಟರು. "ರೆಕಾರ್ಡಿಂಗಿನ ನಡುವ ಮಾಸ್ತರು ತಾಳ ತಪ್ಪಿದ್ದಕ್ಕ ಬೈತಾರಲ್ಲ. ಆ ದನಿ ಹಿಡದು, 'ಆತು, ಹಾಡವಾ' ಅನ್ನಸಾಕ ಬರ್ತೈತೇನವಾ?"

ಅನ್ವಿತಾ ಪರದೆಯಿಂದ ಅವರತ್ತ ತಿರುಗಿದಳು. "ಬರುತ್ತೆ ಮೇಡಮ್, ಅದೇನು ಕಷ್ಟವಲ್ಲ. ಆದರೆ ಅದು ಅವರು ಹೇಳಿದ ಹಾಗಲ್ಲ, ನಾನು ಹೇಳಿಸಿದ ಹಾಗೆ. ಮೊದಲು ನಿಜವಾದದ್ದೇ ಎಲ್ಲಾದರೂ ಇದೆಯಾ ನೋಡುತ್ತೇನೆ."

ಆ ಎರಡು ಮಾತುಗಳನ್ನು ಹುಡುಕು ಎಂದು ಯಂತ್ರಕ್ಕೆ ಹೇಳಿದಳು. ಯಂತ್ರ ಹಳೆಯ ರೆಕಾರ್ಡಿಂಗಿನಲ್ಲಿ ಏನನ್ನೂ ಹೆಕ್ಕಲಿಲ್ಲ. ಆದರೆ ಅದಕ್ಕೊಂದು ಅಭ್ಯಾಸವಿತ್ತು. ಒರೆಸಿದ್ದು ಸರಿಯೋ ತಪ್ಪೋ ಎಂದು ಆಮೇಲೆ ತಾಳೆ ನೋಡುವುದಕ್ಕೆ, ಪ್ರತಿ ಕಛೇರಿಯಲ್ಲೂ ಒರೆಸಿದ ಸದ್ದನ್ನೆಲ್ಲ ತನ್ನ ಒಂದು ಮೂಲೆಯಲ್ಲಿ ಹಾಗೇ ಉಳಿಸಿಕೊಂಡಿರುತ್ತಿತ್ತು. ಪರದೆಯ ಮೇಲೆ ಆ ಮೂಲೆ ಮಿನುಗಿತು. ಒಂದು ಕಡೆಯಲ್ಲ, ಕಛೇರಿಯಿಂದ ಕಛೇರಿಗೆ, ಸಾಲಾಗಿ.

ಅನ್ವಿತಾ ಬೆಳಗಾವಿಯದನ್ನು ಹಚ್ಚಿದಳು. ಫ್ಯಾನಿನ ಸದ್ದು, ಯಾರದೋ ಬಳೆ, ಒಂದು ಮಗುವಿನ ಅಳುವ ರಾಗ. ದೂರದಲ್ಲಿ ಸುವರ್ಣಾಬಾಯಿಯ ದನಿಯ ನೆರಳು, "ಅಪ್ಪಣಿ ಆಗ್ಲಿ ರೀ." ತಟಕ್ಕನೆ, ತೀರ ಹತ್ತಿರದಿಂದ, ಸಣ್ಣ ದನಿಯಲ್ಲಿ: "ಆತು, ಹಾಡವಾ."

ಸುವರ್ಣಾಬಾಯಿಗೆ ಮಾಸ್ತರರೇ ಎನಿಸಿತು. ಇನ್ನೊಮ್ಮೆ ಕೇಳಿದಾಗ ಮಾತಿನ ಹಿಂದಿನ ಗಂಟಲ ಸಣ್ಣ ಕೆಮ್ಮು ಗುರುತಾಯಿತು. ಅದು ದಾವಲಣ್ಣ.

ಮೈಸೂರಿನಲ್ಲೂ ಇತ್ತು. ವಿಜಯಪುರದಲ್ಲೂ ಇತ್ತು. ಇಲ್ಲದ ಮಾಸ್ತರರನ್ನು ತಾವು ಕೇಳುತ್ತಿದ್ದ ಪ್ರತಿ ಸಲವೂ ಮಗ್ಗುಲಲ್ಲಿದ್ದ ದಾವಲಸಾಬರು ಉತ್ತರ ಕೊಟ್ಟಿದ್ದರು, ಯಂತ್ರ ಅದನ್ನು ಫ್ಯಾನಿನ ಸದ್ದಿನ ಜೊತೆ ಗುಡಿಸಿ ಮೂಲೆಗೆ ಹಾಕಿತ್ತು. ಯಂತ್ರ ಬರುವ ಮುಂಚೆಯೂ, ತಾವು ಗಾಳಿಗೆ ಕೇಳುತ್ತಿದ್ದ ದಿನಗಳಲ್ಲೂ, ಅವರು ಹೇಳುತ್ತಿದ್ದರೇನೋ. ಆಗ ಕೇಳಿಸಲಿಲ್ಲ ಎನ್ನಲು ಇಯರ್‌ಫೋನಿನ ನೆಪವೂ ಇರಲಿಲ್ಲ. ಸುವರ್ಣಾಬಾಯಿಗೆ ಮುಖ ಎತ್ತಲಾಗಲಿಲ್ಲ.

"ಹುಬ್ಬಳ್ಳೀದು ಹಚ್ಚು," ಎಂದರು.

ಹುಬ್ಬಳ್ಳಿಯದರಲ್ಲಿ "ಅಪ್ಪಣಿ ಆಗ್ಲಿ ರೀ" ಎಂಬುದರ ನಂತರ ಫ್ಯಾನು ತಿರುಗುತ್ತಿತ್ತು. ಯಾರೋ ಕುರ್ಚಿ ಎಳೆದರು. ಅಷ್ಟೇ.

ಅಂದು ದಾವಲಸಾಬರು ಹೇಳಿರಲಿಲ್ಲ. ಸುವರ್ಣಾಬಾಯಿ ಆದರೂ ಹಾಡಿದ್ದರು.

"ನಾಳೆ ಗದಗಿಗೆ ಹೋಗೂಣು," ಎಂದರು ಅವರು. "ಪೆಟ್ಟಿಗಿ ಇಲ್ಲೇ ಇರ್ಲಿ. ನೀ ಬಾ."

ದಾವಲಸಾಬರ ಮನೆ ಗದಗಿಗೆ ಅಂಟಿಕೊಂಡ ಬೆಟಗೇರಿಯ ಓಣಿಯಲ್ಲಿ. ಮರುದಿನ ಮಧ್ಯಾಹ್ನ ಇಬ್ಬರೂ ಹೋದಾಗ ಒಳಗೆ ಸೊಸೆ ಶಹನಾಜ್ ರೊಟ್ಟಿ ಬಡಿಯುತ್ತಿದ್ದಳು. ದಾವಲಸಾಬರು ನಡುಮನೆಯಲ್ಲಿ ಕೂತು ಸುತ್ತಿಗೆಯಿಂದ ತಬಲಾದ ಅಂಚು ಬಡಿದು ಶ್ರುತಿ ಸರಿಪಡಿಸುತ್ತಿದ್ದರು. ಯಾರ ಕಛೇರಿಗೆ ಎಂದು ಸುವರ್ಣಾಬಾಯಿ ಕೇಳಲಿಲ್ಲ.

"ಬಾ ತಂಗಿ. ಪೆಟ್ಟಿಗಿ ಎಲ್ಲೆ?"

"ಬಿಟ್ಟು ಬಂದೀನಿ." ಅವರು ಚಾಪೆಯ ಮೇಲೆ ಕೂತರು. "ದಾವಲಣ್ಣಾ, ನೀ ಹೇಳ್ತಿದ್ದಿಯಂತ. ನನಗ ಕೇಳಲಿಲ್ಲ."

ದಾವಲಸಾಬರು ಸುತ್ತಿಗೆ ಕೆಳಗಿಟ್ಟರು. "ಯಾರಾದರೂ ಹೇಳಬೇಕಲ್ಲ? ನೀ ಕೇಳಿದ ಮ್ಯಾಲೆ ಹಂಗ ಬಿಟ್ರ ಹೆಂಗ? ನಾ ಏನು ಮಾಸ್ತರ್ ಅಲ್ಲ. ಅದಕ್ಕ ಸಣ್ಣ ದನೀಲೆ ಹೇಳ್ತಿದ್ದೆ."

"ಹುಬ್ಬಳ್ಯಾಗ ಯಾಕ ಹೇಳ್ಲಿಲ್ಲ?"

"ದನೀನ ಬರ್ಲಿಲ್ಲವಾ," ಎಂದರು ದಾವಲಸಾಬರು. "ಮುಚ್ಚಿದ ಬಾಗಲಕ್ಕ ಎಷ್ಟಂತ ಹೇಳೂದು."

ಸುವರ್ಣಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಇವತ್ತ ಹಾಡ್ತೀನಿ. ಬಾರಸ್ತಿಯೇನು?"

ದಾವಲಸಾಬರು ತಬಲಾ ಹತ್ತಿರಕ್ಕೆ ಎಳೆದುಕೊಂಡರು. ಬಾಗಿಲ ಬಳಿ ನಿಂತಿದ್ದ ಅನ್ವಿತಾ ಚೀಲದಿಂದ ಕಿರುಬೆರಳಿನಷ್ಟು ಸಣ್ಣ ರೆಕಾರ್ಡರ್ ತೆಗೆದಳು. "ಈ ಕೋಣೇನ ಹಿಡಿದಿಟ್ಟುಕೊಳ್ಳಲಾ? ಮುಂದೆ ಯಾರಿಗಾದರೂ ಬೇಕಾಗಬಹುದು."

"ಹಿಡಿ," ಎಂದರು ಸುವರ್ಣಾಬಾಯಿ. "ಆದ್ರ ಈಗಿಂದನ ಹಚ್ಚು. ಈ ಸಲ ಆ ಮಾತು ತಪ್ಪಬಾರದು."

ದಾವಲಸಾಬರು ಅಂಗೈ ಎತ್ತಿ ತಡೆದರು. "ತಡೀವಾ. ಅಪ್ಪಣಿ ಆಗೂಕಿಂತ ಮೊದಲ ಹೆಂಗ ಹಚ್ತಿ? ರೆಕಾರ್ಡಿಗೂ ಅಪ್ಪಣಿ ಬೇಕು. ಆವಾಗ ನಾನೂ ಮಾಸ್ತರು ಹೂಂ ಅಂದ ಮ್ಯಾಲೇ ಮೊಬೈಲ್ ಒತ್ತಿದ್ದೆ."

ಸುವರ್ಣಾಬಾಯಿ ಅವರ ಮುಖವನ್ನೇ ನೋಡಿದರು. ಇಷ್ಟು ವರ್ಷ ಮೈಗಳ್ಳತನವೆಂದು ಆಡಿಕೊಂಡದ್ದು ಅದನ್ನು. "ಒಮ್ಮೆರ ಹೇಳಬಾರದಾಗಿತ್ತೇನು?"

"ನೀ ನಗ್ತಿದ್ದಿ. ನಗ್ಲಿ ಬಿಡು ಅಂತ ಸುಮ್ಮನಿದ್ದೆ."

ಅನ್ವಿತಾ ಗುಂಡಿಯಿಂದ ಬೆರಳು ತೆಗೆದಳು. ಬೆಳಗಾವಿಯಿಂದ ಮೈಸೂರಿನವರೆಗೆ ಅಷ್ಟು ಸಭೆಗಳ ಕೆಮ್ಮು, ಮಾತು, ಮಗುವಿನ ರಾಗವನ್ನೆಲ್ಲ ತನ್ನ ಯಂತ್ರ ಯಾರ ಅಪ್ಪಣೆಯನ್ನೂ ಕೇಳದೆ ಒರೆಸಿತ್ತು, ಕೇಳದೆ ಇಟ್ಟುಕೊಂಡಿತ್ತು. ಅವಳು ರೆಕಾರ್ಡರನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಬಳಿ ಕೂತಳು.

ಸುವರ್ಣಾಬಾಯಿ ಕಣ್ಣು ಮುಚ್ಚಲಿಲ್ಲ. ದಾವಲಸಾಬರ ಕಡೆ ತಿರುಗಿ, "ಅಪ್ಪಣಿ ಆಗ್ಲಿ ರೀ," ಎಂದರು. ಎಂದವರು ಕಾದರು. ಒಳಗೆ ರೊಟ್ಟಿಯ ಬಡಿತ ನಿಂತಿತು. ಓಣಿಯ ಮೇಲೆ ಔಷಧಿ ಹೊತ್ತ ಡ್ರೋನೊಂದು ಗುಂಯ್ ಎಂದು ಹಾಯ್ದುಹೋಯಿತು. ನಲ್ಲಿಯ ಕೆಳಗೆ ಕೊಡ ತುಂಬುತ್ತಿತ್ತು. ಮಾಸ್ತರರು ಬೇಕಾಗಿತ್ತು, ಈಗಲೂ ಬೇಕಾಗಿತ್ತು. ಆ ಆಸೆ ಕಡಿಮೆಯಾಗಲಿಲ್ಲ, ಆಗುವುದೂ ಇಲ್ಲ ಎಂದು ಅವರಿಗೆ ತಿಳಿಯಿತು.

"ಆತು," ಎಂದರು ದಾವಲಸಾಬರು, ಈ ಸಲ ತುಂಬಿದ ದನಿಯಲ್ಲಿ. "ಹಾಡವಾ."

ಆಮೇಲೆ ಅನ್ವಿತಾ ಗುಂಡಿ ಒತ್ತಿದಳು. ಇನ್ನು ಐವತ್ತು ವರ್ಷಕ್ಕೆ ಯಾರಾದರೂ ಆ ರೆಕಾರ್ಡಿಂಗ್ ತೆಗೆದರೆ ಬೆಟಗೇರಿಯ ನಡುಮನೆ ಅದರಲ್ಲಿ ಪೂರ್ತಿ ಸಿಗುತ್ತದೆ: ತಗ್ಗು ಚಾವಣಿ, ತುಂಬುವ ಕೊಡ, ಮತ್ತೆ ಶುರುವಾದ ರೊಟ್ಟಿಯ ಬಡಿತ, ಹೊಸ್ತಿಲ ಬಳಿ ಕೂತ ಒಬ್ಬಳು. ಆ ಎರಡು ಮಾತು ಮಾತ್ರ ಸಿಗುವುದಿಲ್ಲ. ಅವನ್ನು ಕೇಳಿಸಿಕೊಳ್ಳಬೇಕಾದವರು ಆಗಲೇ, ಅಲ್ಲೇ ಕೂತು ಕೇಳಿಸಿಕೊಂಡಿದ್ದರು.